ಶನಿವಾರದ ವಾಚನ

ಚರ್ಚಿನ ಹೆಂಗಸರು ದಾರೀಲಿ ಸಿಕ್ಕಿದಾಗೆಲ್ಲ ನನ್ನ ನಿಲ್ಲಿಸ್ಕೊಂಡು ಒಂದೇ ಮಾತು ಕೇಳ್ತಾರೆ. ಆರೋಗ್ಯಮ್ಮ ಈಗೀಗ ಯಾಕೆ ಪ್ರಾರ್ಥನೆ ಮಾಡಲ್ಲ, ಯಾರ ಮನೆಗೆ ಕರೆದ್ರೂ ಬೈಬಲ್ ಓದಿ ಮುಚ್ಚಿ ಎದ್ದು ಬಂದ್ಬುಡ್ತಾಳೆ, ಮೊದಲು ಕೂತಲ್ಲಿ ನಿಂತಲ್ಲಿ ಬಾಯಿಂದ ಉದುರ್ತಿತ್ತಲ್ಲ, ಏನಾಯ್ತು ಅಂತ. ನಾನು ಅವರ ಮತದೋಳಲ್ಲ, ಅವಳ ಗಂಡನ ಅಕ್ಕ ಪುಟ್ಟಮಾದಮ್ಮ. ನನ್ನ ಕೇಳಿದ್ರೆ ನಾನೇನ್ ಪಾದ್ರಿಯಾ ಅಂತ ಸಿಡುಕಿ ಮುಂದಕ್ಕೆ ಹೋಗ್ತೀನಿ. ಗೊತ್ತಿಲ್ಲ ಅಂತಲ್ಲ. ರಸ್ತೆ ಮಧ್ಯ ನಿಂತು ಆಡೋ ಮಾತಲ್ಲ ಅದು. ಇವತ್ತು ಕಾಲು ಚಾಚಿ ಕೂತಿದ್ದೀವಿ, ಹೇಳ್ತೀನಿ, ಕೇಳಿ.

ಆರೋಗ್ಯಮ್ಮ ಅಂತ ಹೆಸರಿಟ್ಟೋರು ಏನ್ ನೋಡಿ ಇಟ್ರೋ, ಆ ಮನೆಗೂ ಆರೋಗ್ಯಕ್ಕೂ ಎಣ್ಣೆ ಸೀಗೇಕಾಯಿ. ಅವಳು ಕ್ರಿಸ್ತರ ಹುಡುಗಿ, ನಾವು ಬೆಟ್ಟದ ತಾಯಿ ಒಕ್ಕಲು. ನನ್ನ ತಮ್ಮ ಲಿಂಗಯ್ಯ ಚರ್ಚಿಗೇ ಹೋಗಿ ಅವಳಿಗೆ ತಾಳಿ ಕಟ್ಟಿ ಕರ್ಕೊಂಡು ಬಂದ. ಆದ್ರೆ ತಲೆ ಮೇಲೆ ಜ್ಞಾನಸ್ನಾನದ ನೀರು ಹುಯ್ಯಿಸ್ಕೊಳ್ಳಲಿಲ್ಲ, ಹೆಸರೂ ಬದಲಾಯಿಸ್ಕೊಳ್ಳಲಿಲ್ಲ. ನಿನ್ನ ದೇವರು ನಿಂಗೆ, ನನ್ನ ಪಾಡು ನಂಗೆ ಅಂತ ಮೊದಲೇ ಹೇಳ್ಬುಟ್ಟಿದ್ದ. ಉದಯಗಿರೀಲಿ ನಮ್ಮ ವಠಾರದಲ್ಲೇ ಸಂಸಾರ ಹೂಡಿದ್ರು. ಹಳೇ ಹೆಂಚಿನ ಮನೆಗಳು, ನಡುಗೋಡೆ ಹೆಂಚು ಮುಟ್ಟೋದೇ ಇಲ್ಲ, ಅಲ್ಲಿ ಕೆಮ್ಮಿದ್ರೆ ಇಲ್ಲಿ ಕೇಳುತ್ತೆ. ಅಂಗಾಗಿ ಯಾರೋ ಹೇಳಿದ್ದು ಕಮ್ಮಿ, ನಾನೇ ಕೇಳಿದ್ದು ಜಾಸ್ತಿ.

ಲಿಂಗಯ್ಯ ಗ್ಯಾರೇಜಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯೋನು. ಇವಳು ಊದುಬತ್ತಿ ಹೊಸೆಯೋಳು. ಫ್ಯಾಕ್ಟ್ರಿಯೋರು ಕಡ್ಡಿ, ಕಪ್ಪು ಹಿಟ್ಟು ತಂದು ಹಾಕಿ ಹೋಗ್ತಾರೆ, ಮಣೆ ಮುಂದೆ ಕೂತು ಹೊಸೆದು ಕೊಡಬೇಕು. ಅವಳು ಹೊಸೆದ ಕಡ್ಡೀನೇ ಬೆಟ್ಟದ ಮೇಲೆ ನನ್ನ ಹಣ್ಣುಕಾಯಿ ಅಂಗಡೀಲಿ ಮಾರಾಟ ಆಗೋದು. ನಮ್ಮ ತಾಯಿಗೆ ಧೂಪ ಹಾಕಕ್ಕೆ ನೀನು ಬೇಕು, ಕೈ ಮುಗಿಯಕ್ಕೆ ಮಾತ್ರ ನಿಂಗೆ ಬೇರೆ ದೇವರು ಬೇಕು ಅಂತ ನಾನು ರೇಗಿಸೋಳು. ಅವಳು ನಕ್ಕು ಸುಮ್ನಾಗೋಳು. ಜಗಳ ಆಡಕ್ಕೂ ಒಂದು ಯೋಗ್ಯತೆ ಬೇಕು, ಅದು ಅವಳಿಗಿಲ್ಲ.

ಬೆಳಿಗ್ಗೆ ಎದ್ದು ಕೈ ಉಜ್ಜಿ ತೊಳ್ಕೊಂಡು ಅವಳು ಮಾಡೋ ಮೊದಲ ಕೆಲಸ ವಾಚನ. ಗೋಡೆ ಮೇಲೆ ಚರ್ಚಿನ ಕ್ಯಾಲೆಂಡರ್ ನೇತಾಕವ್ಳೆ. ಪ್ರತಿ ತಾರೀಖಿನ ಕೆಳಗೆ ಅವತ್ತು ಬೈಬಲ್‌ನಲ್ಲಿ ಎಲ್ಲಿಂದ ಎಲ್ಲೀಗಂಟ ಓದಬೇಕು ಅಂತ ಸಣ್ಣಕ್ಷರದಲ್ಲಿ ಅಚ್ಚು ಹಾಕಿರ್ತಾರೆ. ಲೋಕದಲ್ಲಿ ಎಲ್ಲೆಲ್ಲಿ ಅವರ ಚರ್ಚು ಅದೆಯೋ ಅಲ್ಲೆಲ್ಲ ಅವತ್ತು ಅದನ್ನೇ ಓದ್ತಾರಂತೆ. ಅಷ್ಟನ್ನ ಜೋರಾಗಿ ಓದಿ, ಪುಸ್ತಕ ಮುಚ್ಚಿ, ಓದಿದ್ರಲ್ಲಿ ಯಾವುದೋ ಒಂದು ಎಳೆ ಹಿಡ್ಕೊಂಡು ಅಲ್ಲೇ ಒಂದು ಪ್ರಾರ್ಥನೆ ಕಟ್ಟೋಳು. ಅದು ಬಾಯಿಪಾಠದ ಪ್ರಾರ್ಥನೆ ಅಲ್ಲ ಕಣ್ರೀ, ಬೀದಿ ಸುದ್ದಿಯೆಲ್ಲ ಅದರೊಳಗೆ ಬರೋದು. ರೊಟ್ಟಿ ಮೀನು ಹಂಚಿ ಸಾವಿರಾರು ಜನಕ್ಕೆ ಉಣ್ಣಕ್ಕಿಕ್ಕಿದ ಕಥೆ ಬಂದ ದಿನ, ಸ್ವಾಮಿ, ಇವತ್ತು ಬೀರಮ್ಮನ ಮೊಮ್ಮಗನ ನಾಮಕರಣ, ಪಾಯಸ ಸಾಲದೆ ಹೋಗದಂಗೆ ನೋಡ್ಕೋ ಅಂದ್ಲು. ಏಸುಸ್ವಾಮಿ ದೇವಸ್ಥಾನದ ಅಂಗಳದಿಂದ ಅಂಗಡಿಯೋರನ್ನ ಚಾಟಿ ತಗೊಂಡು ಓಡಿಸಿದ ಕಥೆ ಬಂದ ದಿನ ಏನಂದ್ಲು ಗೊತ್ತಾ? ನಮ್ಮ ಪುಟ್ಟಮಾದಮ್ಮಕ್ಕ ಬೆಟ್ಟದ ಮೇಲೆ ಅಂಗಡಿ ಇಟ್ಟವ್ರೆ, ಅವರನ್ನ ಮಾತ್ರ ಓಡಿಸಬೇಡ ತಂದೆ ಅಂದ್ಲು. ಗೋಡೆ ಈಚೆ ನಾನು ಕಾಫಿ ಲೋಟ ಹಿಡ್ಕೊಂಡು ಬಿದ್ದು ಬಿದ್ದು ನಕ್ಕಿದ್ದೆ. ಅಂಗಿತ್ತು ಅವಳ ಪ್ರಾರ್ಥನೆ. ಬೀದಿಯೋರು ಯಾವ ಜಾತಿ ಅನ್ನದೆ, ನಮ್ಮದೊಂದು ಸೇರಿಸ್ಬುಡಮ್ಮ ಅಂತ ಬಂದು ಹೇಳಿ ಹೋಗೋರು.

ಒಂದೇ ಒಂದು ಹಟ ಅವಳಿಗೆ. ಅವತ್ತಿನ ವಾಚನ ಏನಿದೆಯೋ ಅದೇ ಓದಬೇಕು. ಹಿಂದಕ್ಕೆ ಹೋಗಂಗಿಲ್ಲ, ಮುಂದಕ್ಕೆ ಹಾರಂಗಿಲ್ಲ, ಇದು ಚೆನ್ನಾಗಿಲ್ಲ ಬೇರೆ ನೋಡೋಣ ಅನ್ನಂಗಿಲ್ಲ. ಅವರಪ್ಪ ಇನ್ನಾಸಪ್ಪ ಸೈಕಲ್ ಮೇಲೆ ಹಳ್ಳಿ ಹಳ್ಳಿ ತಿರುಗಿ ಜಪ ಹೇಳಿಕೊಡ್ತಿದ್ದ ಉಪದೇಶಿ. ಅವನು ಕಲಿಸಿದ್ದಂತೆ: ಎಲೆ ಮುಂದೆ ಕೂತೋನು ಬಡಿಸಿದ್ದು ಉಣ್ಣಬೇಕು, ಎದ್ದು ಅಡಿಗೆಮನೆಗೆ ಹೋಗಿ ಪಾತ್ರೆ ಮುಚ್ಚಳ ತೆಗೆದು ನೋಡಬಾರದು. ದೇವರು ಏನ್ ಹೇಳಬೇಕು ಅಂತ ನಾವು ಆರಿಸೋಕೆ ಹೋದ್ರೆ ಅದು ದೇವರ ಮಾತಲ್ಲ, ನಮ್ಮ ಮಾತು. ಕೇಳಕ್ಕೇನೋ ಚೆಂದಾಗೇ ಅದೆ.

ಅವರಿಗಿದ್ದದ್ದು ಒಂದೇ ಮಗು, ಸುಚಿತ್ರಾ. ಐದನೇ ಕ್ಲಾಸಲ್ಲಿದ್ದಾಗ ಡೆಂಗಿ ಜ್ವರ ಬಂತು. ಆಸ್ಪತ್ರೇಲಿ ಮಂಚದ ಪಕ್ಕ ಕೂತು ಇವಳು ದಿನದ ವಾಚನ ಓದಿದ್ಲು, ಪ್ರಾರ್ಥನೆ ಕಟ್ಟಿದ್ಲು, ಲಿಂಗಯ್ಯನೂ ಕೈ ಕಟ್ಕೊಂಡು ನಿಂತು ಕೇಳಿಸ್ಕೊಂಡ. ಮಗು ಉಳೀಲಿಲ್ಲ. ಜ್ಞಾನಸ್ನಾನ ಆಗಿದ್ದ ಮಗು, ಕ್ರಿಸ್ತರ ಸಮಾಧಿ ತೋಟದಲ್ಲಿ ಮಣ್ಣು ಮಾಡಿದ್ರು. ಮಾರನೇ ಬೆಳಿಗ್ಗೆ ಗೋಡೆ ಆಚೆ ಪುಸ್ತಕ ತೆಗೆದು ಓದೋ ಸದ್ದು ಕೇಳಿ ನನಗೆ ಮೈ ಉರಿದೋಯ್ತು. ಲಿಂಗಯ್ಯ ಜಗಳ ಆಡಲಿಲ್ಲ, ಪುಸ್ತಕ ಎತ್ತಿ ಬಿಸಾಕಲಿಲ್ಲ. ಎದ್ದು ಚಪ್ಪಲಿ ಮೆಟ್ಟಿ ಟೀ ಅಂಗಡಿಗೆ ಹೋಗಿ ನಿಂತ್ಕೊಂಡ. ಅವತ್ತಿಂದ ಅದೇ ಪದ್ಧತಿ ಆಯ್ತು. ಇವಳು ಪುಸ್ತಕ ತೆಗೆಯೋದು, ಅವನು ಎದ್ದು ಆಚೆ ಹೋಗೋದು. ಮಳೆ ಬಂದ್ರೂ ಅಷ್ಟೇ, ಮೈಯಲ್ಲಿ ಜ್ವರ ಇದ್ರೂ ಅಷ್ಟೇ. ಪ್ರಾರ್ಥನೆ ಮುಗೀತು ಅಂತ ಗೊತ್ತಾದ ಮೇಲೇ ಹೊಸ್ತಿಲು ದಾಟಿ ಒಳಗೆ ಬರೋನು. ಗಂಡ ಒಂದಲ್ಲ ಒಂದಿನ ತನ್ನ ಜೊತೆ ಕೂರಲಿ ಅಂತ ಇವಳು ಕೇಳ್ಕೊಳ್ಳದ ದಿನ ಇಲ್ಲ. ಅದು ಅವನಿಗೂ ಗೊತ್ತಿತ್ತು.

ಬಣ್ಣದ ಹೊಗೆ ಕುಡಿದೂ ಕುಡಿದೂ ಅವನ ಪುಪ್ಪುಸ ಹೋಯ್ತು. ಡಾಕ್ಟ್ರು ನೋಡಿ, ಇನ್ನು ಇಲ್ಲಿಟ್ಕೊಂಡು ಮಾಡೋದು ಏನಿಲ್ಲ, ಮನೆಗೆ ಕರ್ಕೊಂಡೋಗಿ ಅಂದ್ರು. ಮೂಗಿಗೆ ಆಮ್ಲಜನಕದ ಪೈಪು ಸಿಕ್ಕಿಸಿ ಮಂಚದ ಮೇಲೆ ಕೂರಿಸಿದ್ವಿ. ಮಲಗಿದ್ರೆ ಉಸಿರು ಕಟ್ಟೋದು, ಕೂತೇ ಇರಬೇಕು. ಇನ್ನು ಟೀ ಅಂಗಡಿಗೆ ಎಲ್ಲಿ ಹೋಗ್ತಾನೆ? ಅಂಗೂ ಮೊದಮೊದಲು ಇವಳು ಪುಸ್ತಕ ತೆಗೆದ ತಕ್ಷಣ ಮುಖ ಗೋಡೆ ಕಡೆ ತಿರುಗಿಸ್ಕೊಳ್ಳೋನು. ಇವಳೂ ದನಿ ತಗ್ಗಿಸಿ ಓದೋಳು.

ದಸರಾ ವಾರ ಬಂತು. ಸೋಮವಾರ ಬೆಳಿಗ್ಗೆ ನಾನು ಅವನಿಗೆ ಗಂಜಿ ಕುಡಿಸಕ್ಕೆ ಅಂತ ಅಲ್ಲೇ ಕೂತಿದ್ದೆ. ಅವತ್ತಿನ ವಾಚನ ಯೋಬ ಅನ್ನೋನ ಕಥೆ. ಭಾರಿ ಸಾಹುಕಾರ, ದೇವರಿಗೆ ಹೆದರಿ ನಡೆಯೋನು, ಏಳು ಗಂಡು ಮಕ್ಕಳು ಮೂರು ಹೆಣ್ಣು ಮಕ್ಕಳು. ಅವನಿಗೊಂದು ಪರೀಕ್ಷೆ. ಒಬ್ಬ ಆಳು ಓಡಿ ಬಂದು ದನಗಳು ಹೋದವು ಅಂತಾನೆ, ಅವನ ಮಾತು ಮುಗಿಯೋಕೆ ಮುಂಚೆ ಇನ್ನೊಬ್ಬ ಬಂದು ಕುರಿಗಳು ಹೋದವು ಅಂತಾನೆ. ಕೊನೇಗೆ ಒಬ್ಬ ಬಂದು, ಮಕ್ಕಳೆಲ್ಲ ಅಣ್ಣನ ಮನೇಲಿ ಊಟಕ್ಕೆ ಕೂತಿದ್ರು, ಬಿರುಗಾಳಿ ಬೀಸಿ ಮನೆ ಅವರ ಮೇಲೆ ಬಿತ್ತು, ಒಬ್ಬರೂ ಉಳೀಲಿಲ್ಲ ಅಂತಾನೆ. ಅಲ್ಲಿಗೆ ಬಂದಾಗ ಆರೋಗ್ಯಮ್ಮನ ದನಿ ನಿಂತೋಯ್ತು. ಓದೋಕೆ ಮುಂಚೆ ಮುಂದೇನಿದೆ ಅಂತ ಅವಳು ಯಾವತ್ತೂ ಕಣ್ಣಾಡಿಸ್ತಿರಲಿಲ್ಲ ನೋಡಿ, ಅದಕ್ಕೇ ಬೆಚ್ಚಿದ್ಲು ಅಂತ ಆವಾಗ ಅಂದ್ಕೊಂಡೆ. ಆಮೇಲೆ ಹೆಂಗೋ ಮುಗಿಸಿದ್ಲು. ಯೋಬ ತಲೆ ಬೋಳಿಸ್ಕೊಂಡು ನೆಲಕ್ಕೆ ಬಿದ್ದು, ಕೊಟ್ಟೋನೂ ದೇವರು, ಕಿತ್ಕೊಂಡೋನೂ ದೇವರು, ಅವನಿಗೆ ಸ್ತೋತ್ರ ಅಂದನಂತೆ. ಅಂದ ಮೇಲೆ ಇವನೆಂಥ ಅಪ್ಪ ಅಂತ ನನಗೆ ಅನ್ನಿಸ್ತು.

ಲಿಂಗಯ್ಯನ ಮುಖ ಇತ್ತ ತಿರುಗಿತ್ತು. "ಎಲ್ಲಾ ಮಕ್ಕಳೂವಾ?" ಅಂತ ಕೇಳ್ದ.

ಹೂಂ ಅಂದ್ಲು.

"ಆಮೇಲೆ ಬರ್ತವಾ?"

ಪ್ರಶ್ನೆ ನನಗೆ ಮೊದಲು ಅರ್ಥ ಆಗ್ಲಿಲ್ಲ. ಅವನು ಉಸಿರು ಎಳ್ಕೊಂಡು ಎಳ್ಕೊಂಡು ಹೇಳ್ದ, ಸತ್ತ ಹುಡುಗೀನ ಏಸು ಕೈ ಹಿಡಿದು ಎಬ್ಬಿಸಿದ್ದು ನಿನ್ನ ಪುಸ್ತಕದಲ್ಲೇ ಅಲ್ವಾ ಇರೋದು, ಅಂಗೇ ಇವೂ ಕೊನೇಲಿ ಎದ್ದು ಬರ್ತವಾ ಅಂತ. ಆರೋಗ್ಯಮ್ಮ ಕ್ಯಾಲೆಂಡರ್ ಕಡೆ ನೋಡಿದ್ಲು. ಈ ಕಥೆ ವಾರವೆಲ್ಲ ಬರುತ್ತೆ, ಶನಿವಾರ ಮುಗಿಯುತ್ತೆ, ಆವತ್ತು ಓದ್ತೀನಿ ಅಂದ್ಲು. ಪುಸ್ತಕ ಮುಚ್ಚಿ ಕಣ್ಣು ಮುಚ್ಚಿದ್ಲು. ಪ್ರಾರ್ಥನೆ ಬರಲಿಲ್ಲ. ಆಮೆನ್ ಅಂದು ಎದ್ಬುಟ್ಲು.

ಮಂಗಳವಾರ ಇವನೇ ಕಾದು ಕೂತಿದ್ದ. ಇಷ್ಟು ವರ್ಷ ಟೀ ಅಂಗಡೀಲಿ ನಿಂತು ಕಾಲ ಕಳೆದೋನು, ಯಾಕೆ ಇನ್ನೂ ಓದಿಲ್ಲ ಅಂತ ಕೇಳ್ದ. ಅವತ್ತು ಯೋಬ ತಾನು ಹುಟ್ಟಿದ ದಿನಕ್ಕೆ ಶಾಪ ಹಾಕ್ತಾನೆ, ಹುಟ್ಟಿದ ತಕ್ಷಣ ಯಾಕೆ ಸಾಯಲಿಲ್ಲ ಅಂತಾನೆ. ಈಗ ಸರಿಯಾಗಿ ಮಾತಾಡ್ದ ಅಂತ ಲಿಂಗಯ್ಯ ತಲೆ ಆಡಿಸ್ದ. ಇವಳು ಹಿಟ್ಟು ಕಲಸಕ್ಕೆ ಹಿತ್ತಲಿಗೆ ಹೋದಾಗ ನನ್ನ ಕೈ ಹಿಡ್ಕೊಂಡು ಹತ್ರ ಎಳ್ಕೊಂಡ.

"ಆ ಮಕ್ಕಳು ಬಂದ್ರೆ ನಾನೂ ನೀರು ಹುಯ್ಯಿಸ್ಕೊಂತೀನಿ ಅಕ್ಕ. ಮಗು ಇರೋ ಕಡೇಗೇ ಹೋಗ್ತೀನಿ. ಬರದೇ ಇದ್ರೆ ನನ್ನ ನಮ್ಮೋರ ಜೊತೆ ಹಾಕ್ಬುಡಿ."

ನನಗೆ ಕೋಪ ಬರಬೇಕಾಗಿತ್ತು, ಬರಲಿಲ್ಲ. ಸಾಯೋನು, ಎಲ್ಲಿಗಾದ್ರೂ ಹೋಗಲಿ, ಮಗು ಸಿಗುತ್ತೆ ಅಂದ್ಕೊಂಡು ಹೋಗಲಿ ಅನ್ನಿಸ್ತು. ಹಿತ್ತಲಿಗೆ ಹೋಗಿ ಇವಳಿಗೆ ಹೇಳಿದೆ. ನೀನು ಇಷ್ಟು ವರ್ಷ ಕೇಳ್ಕೊಂಡಿದ್ದು ಈಗ ಅವನ ಬಾಯಲ್ಲೇ ಬಂದದೆ, ಶನಿವಾರಕ್ಕೆ ಪಾದ್ರಿಗೆ ಹೇಳಿ ಇಡು ಅಂದೆ. ಕುಣಿದಾಡ್ತಾಳೆ ಅಂದ್ಕೊಂಡಿದ್ದೆ. ಅವಳು ಮೊಣಕೈಗಂಟ ಕಪ್ಪು ಹಿಟ್ಟು ಮೆತ್ಕೊಂಡು ನನ್ನೇ ನೋಡ್ತಾ ನಿಂತಿದ್ಲು. ಆಮೇಲೆ ಬಗ್ಗಿ ತಿರುಗಾ ಹಿಟ್ಟು ಕಲಸೋಕೆ ಶುರು ಮಾಡಿದ್ಲು. ಏನು ಹೆಂಗಸಪ್ಪ ಇವಳು ಅಂದ್ಕೊಂಡು ಬಂದೆ.

ಬುಧವಾರ ಯಾವುದೋ ದೊಡ್ಡ ದೊಡ್ಡ ಮಾತು, ಬೆಟ್ಟ ಅಲ್ಲಾಡಿಸೋ ದೇವರ ಜೊತೆ ವಾದ ಮಾಡಿ ಗೆಲ್ಲೋನು ಯಾರು ಅಂತ. ಗುರುವಾರ ಬೆಟ್ಟದ ಮೇಲೆ ದಸರಾ ಶುರು. ನಾನು ಅಂಗಡಿಗೆ ಓಡೋ ಅವಸರದಲ್ಲಿದ್ರೂ ನಿಂತು ಕೇಳಿಸ್ಕೊಂಡೆ. ನನ್ನ ಬಿಡಿಸೋನು ಬದುಕವ್ನೆ, ಈ ಚರ್ಮ ಕಳಚಿ ಹೋದ ಮೇಲೂ ನಾನು ಕಣ್ಣಾರೆ ಅವನ್ನ ನೋಡ್ತೀನಿ ಅಂತ ಯೋಬ ಹೇಳ್ತಾನೆ. ಅವತ್ತು ಲಿಂಗಯ್ಯನ ಮುಖ ನೋಡಬೇಕಾಗಿತ್ತು. "ನೋಡ್ದಾ, ಬರ್ತವೆ," ಅಂದ. ಇಡ್ಲಿ ಕೇಳ್ದ, ಅರ್ಧ ತಿಂದ. ಇವಳು ತಟ್ಟೆ ತೊಳೆಯೋ ನೆಪದಲ್ಲಿ ನಲ್ಲಿ ಹತ್ರ ಹೋಗಿ ನಿಂತ್ಕೊಂಡ್ಲು. ಪ್ರಾರ್ಥನೆ ಅವತ್ತೂ ಕೇಳಲಿಲ್ಲ. ವಾರವೆಲ್ಲ ಆಮೆನ್ ಒಂದೇ, ಇವತ್ತಿಗೂ ಅಷ್ಟೇ.

ಶುಕ್ರವಾರದ ವಾಚನದಲ್ಲಿ ಕೊನೇಗೂ ದೇವರೇ ಬಾಯಿ ಬಿಟ್ಟ. ಏನ್ ಕೇಳ್ತಾನೆ ಗೊತ್ತಾ ಯೋಬನ್ನ? ಬೆಳಗಿಗೆ ಹುಟ್ಟು ಅಂತ ನೀನು ಯಾವತ್ತಾದ್ರೂ ಅಪ್ಪಣೆ ಕೊಟ್ಟಿದ್ದೀಯಾ, ಸಮುದ್ರದ ಬುಡಕ್ಕೆ ಹೋಗಿದ್ದೀಯಾ, ಸಾವಿನ ಬಾಗಿಲು ನೋಡಿದ್ದೀಯಾ ಅಂತ. ಯೋಬ ಬಾಯಿ ಮೇಲೆ ಕೈ ಇಟ್ಕೊಂಡು, ನಾನು ಅಲ್ಪ, ಇನ್ನು ಮಾತಾಡಲ್ಲ ಅಂತಾನೆ. ಲಿಂಗಯ್ಯನಿಗೆ ರೇಗೋಯ್ತು. ಅಪ್ಪ ಕೇಳಿದ್ದು ಮಕ್ಕಳ ವಿಷಯ, ಇವನು ಹೇಳೋದು ಸಮುದ್ರದ ವಿಷಯ, ಇದೇನ್ ಉತ್ತರ ಅಂತ ಬೈದು ಕೆಮ್ಮಿ ಕೆಮ್ಮಿ ನೀಲಿಗಟ್ಟಿದ. ಸ್ವಲ್ಪ ತಡ್ಕೊಂಡ ಮೇಲೆ, ಶನಿವಾರದ್ದು ಈಗಲೇ ಓದ್ಬುಡು ಅಂದ. ನಾನೂ ದನಿಗೂಡಿಸಿದೆ, ಒಂದು ಪುಟ ತಿರುವಿದ್ರೆ ಸಾಕಲ್ಲ, ಓದಮ್ಮ ಅಂದೆ.

"ನಾಳೇದು ನಾಳೆಗೆ," ಅಂದ್ಲು.

ಎಷ್ಟು ಕೇಳಿದ್ರೂ ಅದೇ. ಪುಸ್ತಕ ಎದೆಗವಚಿಕೊಂಡು, ಅಪ್ಪ ಅಂಗೆ ಕಲಿಸಿಲ್ಲ ಅಂದ್ಲು. ನಿಮ್ಮಪ್ಪನ ಎಲೆ, ನಿಮ್ಮಪ್ಪನ ಅಡಿಗೆಮನೆ ಅಂತ ನಾನು ಬಾಯಿಗೆ ಬಂದಂಗೆ ಬೈದೆ. ಲಿಂಗಯ್ಯನೇ ನನ್ನ ಸುಮ್ಮನಿರಿಸ್ದ. ಒಂದು ದಿನ ತಾನೇ, ಇರ್ತೀನಿ ಬುಡು ಅಂದ. ನಾನು ಬಸ್ ಹತ್ತಿ ಬೆಟ್ಟಕ್ಕೆ ಹೋದೆ. ದಸರಾ ಶುಕ್ರವಾರ, ಜನ ಅಂದ್ರೆ ಜನ, ತೆಂಗಿನಕಾಯಿ ಎತ್ತಿ ಕೊಡೋಕೆ ಕೈ ಸಾಲದು. ಮಧ್ಯಾಹ್ನದ ಮೇಲೆ ಫೋನ್ ಬಂತು, ಬೇಗ ಬಾ ಅಂತ. ಅಂಗಡೀನ ಪಕ್ಕದೋರ ಮೇಲೆ ಬಿಟ್ಟು ಬಸ್ಸಿಗೆ ನಿಂತೆ. ಇಳಿಯೋ ದಾರಿ ತುಂಬ ಗಾಡಿ. ಬಸ್ಸು ಒಂದು ಮಾರು ಹೋಗೋದು, ನಿಲ್ಲೋದು. ತಾಯಿ, ಒಂದು ದಿನ ಇಡು, ನಾಳೆ ಬೆಳಿಗ್ಗೆಗಂಟ ಇಡು ಅಂತ ಬೆಟ್ಟದ ಕಡೆ ತಿರುಗಿ ಬೇಡ್ಕೊಂಡೆ. ನಾನು ವಠಾರಕ್ಕೆ ಕಾಲಿಡೋ ಹೊತ್ತಿಗೆ ಮೂಗಿನ ಪೈಪು ಬಿಚ್ಚಿ ಮಡಿಸಿ ಇಟ್ಟಾಗಿತ್ತು.

ಶನಿವಾರ ಮಣ್ಣು ಮಾಡಿದ್ವಿ. ನೀರು ಹುಯ್ಯಿಸ್ಕೊಳ್ಳದೇ ಹೋದೋನು, ಅವನು ಹೇಳಿದಂಗೆ ನಮ್ಮೋರ ಸ್ಮಶಾನಕ್ಕೆ ತಗೊಂಡೋದ್ವಿ. ಮಗಳು ಊರಿನ ಆ ಕೊನೇಲಿ, ಅಪ್ಪ ಈ ಕೊನೇಲಿ. ಊರೆಲ್ಲ ದಸರಾ ದೀಪ ಕಟ್ಟಿದ್ರು, ಅದರ ಕೆಳಗೇ ಅವನನ್ನ ಹೊತ್ಕೊಂಡು ಹೋದ್ರು. ಆರೋಗ್ಯಮ್ಮ ಅಳಲಿಲ್ಲ. ಸ್ನಾನ ಮಾಡಿ ಬಂದು, ದೀಪ ಹಚ್ಚಿ, ಅವನಿದ್ದ ಮಂಚದ ಪಕ್ಕ ಕೆಳಗೆ ಕೂತ್ಕೊಂಡ್ಲು. ಬಂದೋರೆಲ್ಲ ಹೋಗೋಗಂಟ ತಡ್ಕೊಂಡಿದ್ದೆ. ಆಮೇಲೆ ನನಗೆ ತಡೆಯಕ್ಕಾಗಲಿಲ್ಲ.

ಒಂದು ಪುಟ ಕಣೇ, ಅಂದೆ. ಒಂದು ಪುಟ ಮುಂದಕ್ಕೆ ತಿರುವಿ ಓದಿದ್ರೆ ನಿಮ್ಮಪ್ಪ ಸಮಾಧಿಯಿಂದ ಎದ್ದು ಬಂದು ಹೊಡೀತಿದ್ನಾ? ಪಾದ್ರಿ ಬಂದು ನೀರು ಹುಯ್ದಿದ್ರೆ ಮಗಳ ಪಕ್ಕ ಮಲಗ್ತಿದ್ದ. ನಿನ್ನ ಹಟಕ್ಕೆ ನನ್ನ ತಮ್ಮನ್ನ ಕಾಯಿಸಿ ಕಾಯಿಸಿ ಕೊಂದ್ಯಲ್ಲೇ ಅಂತ ಎಲ್ಲಾ ಆಡ್ಬುಟ್ಟೆ. ಅವಳು ಪೂರ್ತಿ ಕೇಳಿಸ್ಕೊಂಡ್ಲು.

"ಅವು ಬರಲ್ಲ ಅಕ್ಕ," ಅಂದ್ಲು.

ಯಾವುವು ಅಂದೆ.

"ಆ ಮಕ್ಕಳು. ಶನಿವಾರದ ವಾಚನದಲ್ಲಿ ದನ ಕುರಿ ಎಲ್ಲಾ ಎರಡರಷ್ಟಾಗಿ ವಾಪಸ್ ಬರ್ತವೆ. ಮಕ್ಕಳು ಬರಲ್ಲ. ಬೇರೆ ಮಕ್ಕಳು ಹುಟ್ತವೆ, ಹೆಣ್ಣು ಮಕ್ಕಳು ಭಾರಿ ಚೆಲುವೆಯರು ಅಂತ ಬರೆದದೆ. ಸತ್ತ ಮಕ್ಕಳ ವಿಷಯ ಒಂದು ಮಾತೂ ಇಲ್ಲ. ಎರಡು ವರ್ಷಕ್ಕೊಂದು ಸಲ ಈ ವಾಚನ ಬರುತ್ತೆ. ಸುಚಿತ್ರಾ ಹೋದ ಮೇಲೆ ಪ್ರತಿ ಸಲ ಅದನ್ನ ಓದಿ, ನನ್ನ ಮಗಳು ಎಲ್ಲಿ ಅಂತ ಹುಡುಕಿದ್ದೀನಿ. ಅದನ್ನ ಅವರಿಗೆ ಎಂಗೆ ಓದ್ಲಿ?"

ಓದಬೇಡ, ಬರ್ತವೆ ಅಂತ ಬಾಯಲ್ಲಿ ಹೇಳ್ಬುಡಬೇಕಾಗಿತ್ತು ಅಂದೆ. ಸಾಯೋನ ಹತ್ರ ಒಂದು ಸುಳ್ಳು ಹೇಳಿದ್ರೆ ಯಾವ ದೇವರು ಏನ್ ಮಾಡ್ತಿದ್ದ? ಪುಸ್ತಕ ತೊಡೆ ಮೇಲೆ ಇಟ್ಕೊಂಡು ಸುಳ್ಳು ಬಾಯಿಗೆ ಬರಲಿಲ್ಲ, ನಿಜಾನೂ ಬರಲಿಲ್ಲ, ಅಪ್ಪನ ಮಾತು ಅಡ್ಡ ಇಟ್ಕೊಂಡು ದಿನ ತಳ್ಳಿದೆ ಅಂದ್ಲು. ಅಷ್ಟರಲ್ಲಿ ನನ್ನ ಕೋಪ ಇಳಿದಿತ್ತು. ಅವಳಿಗೊಂದು ಸಮಾಧಾನ ಹೇಳೋಣ ಅಂತ ಹೇಳಿದೆ. ಹೋಗ್ಲಿ ಬುಡಮ್ಮ, ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು, ಮಕ್ಕಳು ಬರ್ತವೆ ಅಂತ ಅಂದ್ಕೊಂಡೇ ಹೋದ್ನಲ್ಲ ಅಂದೆ.

ಅವಳು ಇಲ್ಲ ಅಂತ ತಲೆ ಆಡಿಸಿದ್ಲು. ಶುಕ್ರವಾರ ಮಧ್ಯಾಹ್ನ ಉಸಿರು ಮೇಲಕ್ಕೆ ಹತ್ತಿದಾಗ ಇವಳು ಅವನನ್ನ ಎದೆಗೆ ಒರಗಿಸ್ಕೊಂಡು ಕೂತಿದ್ಲಂತೆ. ಅವನು ಕತ್ತು ತಿರುಗಿಸಿ ಇವಳ ಮುಖಾನೇ ಬಹಳ ಹೊತ್ತು ನೋಡಿದ್ನಂತೆ. ಬರಲ್ಲ ಅಲ್ವಾ ಅಂದ್ನಂತೆ. ಇವಳು ಅವನ ಮೂಗಿನ ಪೈಪು ಸರಿ ಮಾಡಕ್ಕೆ ಕೈ ಎತ್ತಿದ್ಲಂತೆ. ಅವನು ಇವಳ ಕೈ ತಟ್ಟಿ ಇನ್ನೊಂದೇ ಮಾತು ಆಡಿದ್ದು.

"ಹೋಗ್ಲಿ ಬುಡು ಆರೋಗ್ಯ. ನಾಳೆ ಅದನ್ನ ಓದಬೇಡ, ನಿಂಗೆ ಕಷ್ಟ ಆಗುತ್ತೆ."